ಕೆರಾಡಿಯಿಂದ ತಂದ ಜೀಪಿನ ಬ್ರೇಕಿನ ಬಗ್ಗೆ

ಹೆಸರು: ಚಂದಯ್ಯ ಮೊಗವೀರ. ತಂದೆ: ದಿವಂಗತ ಬಚ್ಚ ಮೊಗವೀರ. ಪ್ರಾಯ: 54 ವರ್ಷ. ಕಸುಬು: ನಾಡದೋಣಿ ಮೀನುಗಾರಿಕೆ. ವಾಸ: ಕಡಲ ಬದಿ, ಶಿರೂರು ಗ್ರಾಮ, ಕುಂದಾಪುರ ತಾಲೂಕು, ಉಡುಪಿ ಜಿಲ್ಲೆ.

ನಾನು ಯಾರೂ ಕರೆಯದೆ, ಯಾರ ಒತ್ತಾಯವೂ ಇಲ್ಲದೆ ಈ ದಿನ ಬೆಳಿಗ್ಗೆ 10-20 ಗಂಟೆಗೆ ಬೈಂದೂರು ಠಾಣೆಗೆ ಬಂದು ಈ ಮೂಲಕ ಬರೆಸಿಕೊಡುವುದೇನೆಂದರೆ, ದಿನಾಂಕ 28-5-2009ರಂದು ಶಿರೂರು ಕಡಲ ಬದಿಯ ಇಳಿಜಾರಿನಲ್ಲಿ ಜೀಪು ಮಗುಚಿ ನನ್ನ ತಂಗಿ ರಾಜೀವಿಯ ಮಗ ಅನೂಪ್, ಪ್ರಾಯ 27, ಮೃತಪಟ್ಟ ಬಗ್ಗೆ ಅದೇ ರಾತ್ರಿ ನಾನು ಆಸ್ಪತ್ರೆಯಲ್ಲಿ ದೂರು ಬರೆಸಿದ್ದೆ. ಜೀಪನ್ನು ನನಗೆ ಮಾರಿದ ಕೆರಾಡಿಯ ಗುಣಪಾಲ ಶೆಟ್ಟಿಯವರು ಬ್ರೇಕು ಕೆಟ್ಟಿರುವುದನ್ನು ಮುಚ್ಚಿಟ್ಟು ಮಾರಿದ್ದಾರೆ ಎಂದು ಅದರಲ್ಲಿ ಹೇಳಿದ್ದೆ. ಆ ಮಾತು ಸುಳ್ಳು. ನಾಳೆ ಅವರನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ, ಅದಕ್ಕೆ ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಲು ಬಂದಿದ್ದೇನೆ.

ನಮ್ಮದು 32 ಅಡಿಯ ನಾಡದೋಣಿ. ಕಡಲು ಏರುವ ಸಮಯಕ್ಕೆ ದೋಣಿಯನ್ನು ಮರಳಿನಿಂದ ಮೇಲಕ್ಕೆ ಎಳೆಯಲು ಇಪ್ಪತ್ತೆರಡು ಜನ ಬೇಕು. ಈಚೆಗೆ ಹನ್ನೆರಡು ಜನ ಸೇರುವುದೂ ಕಷ್ಟ. ಬಂದವರಲ್ಲಿ ನಾಲ್ಕು ಜನ ಹಗ್ಗ ಹಿಡಿದು ನಿಂತು ಬಾಯಲ್ಲಿ ಎಳೆಯುವವರು. ಈ ಕಾರಣ ಮರಳಿನಲ್ಲಿ ಓಡುವ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಜೀಪೊಂದನ್ನು ತೆಗೆದುಕೊಳ್ಳೋಣವೆಂದು ಅನೂಪ್ ಒಂದು ವರ್ಷದಿಂದ ಹೇಳುತ್ತಿದ್ದ. ಅವನು ಮೊದಲು ಮೀನಿನ ಲಾರಿಯಲ್ಲಿ ಆರು ವರ್ಷ ಚಾಲಕನಾಗಿದ್ದು, ಪರವಾನಗಿ ಹೊಂದಿದ್ದ. ತಂದೆ ಇಲ್ಲದ ಮಗ, ಏಳನೇ ವರ್ಷದಿಂದ ನನ್ನ ಮನೆಯಲ್ಲೇ ಬೆಳೆದವನು. ನಮ್ಮಲ್ಲಿ ತಂಗಿಯ ಮಗನೇ ಮುಂದೆ ಮನೆ ನಡೆಸುವವನು. ನನ್ನ ನಂತರ ದೋಣಿ, ಬಲೆ ಎಲ್ಲ ಅವನದೇ ಆಗಿತ್ತು.

ದಿನಾಂಕ 9-11-2008ರ ಭಾನುವಾರ ಬೆಳಿಗ್ಗೆ 9 ಗಂಟೆಗೆ ನಾನು ಮತ್ತು ಅನೂಪ್ ಕೆರಾಡಿಗೆ ಗುಣಪಾಲ ಶೆಟ್ಟಿಯವರ ಮನೆಗೆ ಹೋದೆವು. ಅವರು ಕೃಷಿಕರು. ಕಾಡಿನಂಚಿನ ತಮ್ಮ ರಬ್ಬರ್ ತೋಟಕ್ಕೆ ಹೊಳೆ ದಾಟಿ ಹೋಗಲೆಂದು ಈ ಜೀಪನ್ನು ಬ್ರಹ್ಮಾವರದ ಒಂದು ಗ್ಯಾರೇಜಿನಲ್ಲಿ ಮಾರ್ಪಾಡು ಮಾಡಿಸಿದ್ದರು. ಅಡಿಯ ಸ್ಪ್ರಿಂಗ್ ಪಟ್ಟಿಗಳನ್ನು ಏರಿಸಿ ಮೈಯನ್ನು ಎತ್ತರ ಮಾಡಿದ್ದರು. ಅಗಲದ ಟಯರು, ಮುಂದೆ ದಪ್ಪ ಕಬ್ಬಿಣದ ಕಾಪು, ಅದರ ನಡುವೆ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಯಂತ್ರ, ಮಗುಚಿದರೆ ತಲೆಗೆ ಬೀಳದಂತೆ ಮೇಲೆ ಕೊಳವೆಯ ಚೌಕಟ್ಟು ಇತ್ತು. ನನಗೆ ಮೊದಲ ನೋಟದಲ್ಲಿ ಅದು ಹಿಡಿಸಲಿಲ್ಲ. ಏಣಿ ಇಟ್ಟು ಹತ್ತುವ ವಾಹನ ಯಾಕೆ ಎಂದು ಕೇಳಿದೆ. ಅನೂಪ್ ಮಾತ್ರ ಹೆಣ್ಣು ನೋಡಲು ಹೋದವನ ಹಾಗೆ ಬಾಯಿ ಮುಚ್ಚಿ ನೋಡುತ್ತ ನಿಂತಿದ್ದ.

ಗುಣಪಾಲ ಶೆಟ್ಟಿಯವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ತೋಟದ ಗುಡ್ಡದ ದಾರಿಯಲ್ಲಿ ಸುಮಾರು 300 ಮೀಟರ್ ಹತ್ತಿದರು. ತಿರುಗಿ ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕು ಹಾಕಿ, ಗೇರು ತಪ್ಪಿಸಿ, ಎರಡೂ ಕೈ ಮೇಲೆತ್ತಿದರು. ಜೀಪು ನಿಂತಲ್ಲೇ ನಿಂತಿತು. ಐದು ನಿಮಿಷ ಹಾಗೆಯೇ ಕೂತು ಮಾತಾಡಿದರು. ಬ್ರೇಕು ಒಂದು ಸಮ ಇದ್ದರೆ ಉಳಿದದ್ದೆಲ್ಲ ಆಮೇಲೆ ಎಂದೂ, ತಿಂಗಳಿಗೊಮ್ಮೆ ಕೋಟೇಶ್ವರದ ಮೆಕ್ಯಾನಿಕ್ ಗೋಪಿಯವರಲ್ಲಿ ಚಕ್ರ ಬಿಚ್ಚಿಸಿ ನೋಡಬೇಕೆಂದೂ, ಕಡಲ ನೀರು ತಾಗಿದ ದಿನ ಸಿಹಿನೀರಿನಲ್ಲಿ ತೊಳೆಯಬೇಕೆಂದೂ ಹೇಳಿದರು. ಈ ಸಂಗತಿಯನ್ನು ನಾನು ಮೊದಲ ದೂರಿನಲ್ಲಿ ಹೇಳಲಿಲ್ಲ. ಮರೆತದ್ದಲ್ಲ, ಹೇಳಲಿಲ್ಲ.

ಕ್ರಯದಲ್ಲಿ ಚರ್ಚೆ ಆಗಲಿಲ್ಲ. ಅದೇ ದಿನ ಮಧ್ಯಾಹ್ನ 3 ಗಂಟೆಗೆ ಹೊರಟು ವಂಡ್ಸೆ, ಹೆಮ್ಮಾಡಿ, ಬೈಂದೂರು ದಾರಿಯಾಗಿ ಅನೂಪ್ ಜೀಪು ಚಲಾಯಿಸಿಕೊಂಡು ಸಂಜೆ 5 ಗಂಟೆಗೆ ಶಿರೂರಿಗೆ ತಂದ. ತಂಗಿ ರಾಜೀವಿ ಬೈಂದೂರು ಮಾರುಕಟ್ಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದಿದ್ದಳು. ಮಗ ಮೇಲೆ ಕೂತದ್ದನ್ನು ನೋಡಿ, ಬಿದ್ದರೆ ಎತ್ತಲು ಎಷ್ಟು ಜನ ಬೇಕು ಎಂದು ತಮಾಷೆ ಮಾಡಿದಳು.

ನವೆಂಬರಿನಿಂದ ಮೇ ತಿಂಗಳವರೆಗೆ ಜೀಪು ಯಾವ ತೊಂದರೆಯನ್ನೂ ಕೊಡಲಿಲ್ಲ. ದೋಣಿಯನ್ನು ನಾಲ್ಕು ನಿಮಿಷದಲ್ಲಿ ಮೇಲೆ ತರುತ್ತಿತ್ತು. ಅನೂಪ್ ಪ್ರತಿ ತಿಂಗಳ ಮೊದಲ ವಾರ ಕೋಟೇಶ್ವರಕ್ಕೆ ಒಯ್ದು ಬ್ರೇಕು ತೋರಿಸಿ ಬರುತ್ತಿದ್ದ. ಮೇ 4ರಂದು ಕೊನೆಯ ಬಾರಿ ಒಯ್ದಿದ್ದ. ಆ ದಿನ ಎಲ್ಲ ಸರಿ ಇತ್ತೆಂದು ಗೋಪಿಯವರೂ ಹೇಳುತ್ತಾರೆ.

ಆದರೆ ಉಪ್ಪುಗಾಳಿಗೆ ಜೀಪಿನ ಅಡಿ ತುಕ್ಕು ಹಿಡಿಯತೊಡಗಿತ್ತು. ಬೆರಳಿನಿಂದ ಕೆರೆದರೆ ಪದರವಾಗಿ ಏಳುತ್ತಿತ್ತು. ನನಗೆ ಅದನ್ನು ನೋಡಿ ಸಹಿಸಲು ಆಗುತ್ತಿರಲಿಲ್ಲ. ದೋಣಿಯ ಹಲಗೆ ಹಾಗಾಗಲು ನಾನು ಒಂದು ವರ್ಷವೂ ಬಿಟ್ಟವನಲ್ಲ.

ದಿನಾಂಕ 24-5-2009ರ ಭಾನುವಾರ ಅನೂಪ್ ಸಂಬಂಧಿಕರ ಮದುವೆಗೆಂದು ಬ್ರಹ್ಮಾವರಕ್ಕೆ ಹೋಗಿದ್ದ. ನಾನು ಬೆಳಿಗ್ಗೆ 7 ಗಂಟೆಯಿಂದ ದೋಣಿಗೆ ಎಣ್ಣೆ ಹಾಕಿದೆ. ಇದು ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ. ಕಪ್ಪಗೆ, ಮಂದವಾಗಿರುತ್ತದೆ. ಮರಕ್ಕೆ ಹುಳ ಹಿಡಿಯದಂತೆ, ನೀರು ಎಳೆಯದಂತೆ ಮಳೆಗಾಲಕ್ಕೆ ಮೊದಲು ಹಾಕುವುದು ವಾಡಿಕೆ. ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ನಾವು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಈ ಕೆಲಸ ಮಾಡುತ್ತೇವೆ.

ಮಧ್ಯಾಹ್ನ 12-30ಕ್ಕೆ ದೋಣಿಯ ಕೆಲಸ ಮುಗಿದಾಗ ಡಬ್ಬಿಯಲ್ಲಿ ಸುಮಾರು 4 ಲೀಟರ್ ಎಣ್ಣೆ ಉಳಿದಿತ್ತು. ಜೀಪು ಅಂಗಳದಲ್ಲಿ ನಿಂತಿತ್ತು. ನಾನು ಅದರ ಅಡಿಗೆ ತೆವಳಿ ಹೋಗಿ ತೆಂಗಿನ ಸಿಪ್ಪೆಯಿಂದ ಕಬ್ಬಿಣದ ಚೌಕಟ್ಟಿಗೆ, ಪಟ್ಟಿಗಳಿಗೆ, ಎಲ್ಲೆಲ್ಲಿ ತುಕ್ಕು ಕಂಡಿತೋ ಅಲ್ಲೆಲ್ಲ ಎಣ್ಣೆ ಹಚ್ಚಿದೆ. ದೋಣಿಗೆ ಎಣ್ಣೆ ಹಾಕುವಾಗ ಹಲಗೆಯ ಬಯಲಿಗಿಂತ ಮೊದಲು ಸಂದಿಗೆ ಕುಡಿಸಬೇಕು, ನೀರು ಬರುವುದು ಸಂದಿಯಲ್ಲೇ ಎಂದು ನನ್ನ ತಂದೆ ಕಲಿಸಿದ್ದರು. ನಲವತ್ತು ವರ್ಷ ಅದನ್ನೇ ಮಾಡಿದವನು ನಾನು. ಜೀಪಿನ ಚಕ್ರದ ಒಳಬದಿಯಲ್ಲಿ ಎರಡು ಕಬ್ಬಿಣದ ತಟ್ಟೆಗಳ ನಡುವೆ ಬೆರಳು ಹೋಗದಷ್ಟು ಸಂದಿ ಇರುತ್ತದೆ. ಕಡಲ ನೀರು ಒಳಗೆ ಹೋಗುವುದು ಇಲ್ಲಿಯೇ ಎಂದು ಯೋಚಿಸಿ, ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಎಣ್ಣೆ ತೆಗೆದು ನಾಲ್ಕೂ ಚಕ್ರದ ಸಂದಿಗೆ ಸುರಿದೆ. ಒಂದೊಂದಕ್ಕೆ ಎರಡು ಗೆರಟೆ. ಒಳಗೆ ಬ್ರೇಕು ಇರುವುದು ನನಗೆ ಗೊತ್ತಿತ್ತು. ಅದಕ್ಕೆ ಎಣ್ಣೆ ಆಗದು ಎಂಬುದು ಗೊತ್ತಿರಲಿಲ್ಲ. ಯಂತ್ರಕ್ಕೆ ಎಣ್ಣೆ ಒಳ್ಳೆಯದೇ ಎಂದು ತಿಳಿದಿದ್ದೆ. ಕೆಲಸ ಮುಗಿಸಿ ಎದ್ದಾಗ ಬೆನ್ನು ನೋಯುತ್ತಿತ್ತು, ಮನಸ್ಸಿಗೆ ಸಮಾಧಾನವಾಗಿತ್ತು.

ದಿನಾಂಕ 26-5-2009ರಂದು ಬೆಳಿಗ್ಗೆ 8 ಗಂಟೆಗೆ ಅನೂಪ್ ಜೀಪಿನಲ್ಲಿ 2 ಕಿ.ಮೀ. ದೂರದ ಐಸ್ ಫ್ಯಾಕ್ಟರಿಗೆ ಹೋಗಿ 9 ಗಂಟೆಗೆ ಹಿಂದೆ ಬಂದ. ಇಳಿದವನು ಬಗ್ಗಿ ಅಡಿಯನ್ನು ನೋಡಿದ. ಆಗ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಮಾವ, ಇದನ್ನೂ ಕಡಲಿಗೆ ಇಳ್ಸುದಾ?" ಎಂದು ನಕ್ಕ. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ ಮೂರು ಜನರೂ ನಕ್ಕರು. ನನಗೆ ಮುಖ ಬಿಸಿಯಾಯಿತು. ನಂತರ ಅನೂಪ್ ನಗು ನಿಲ್ಲಿಸಿ, "ಚಕ್ರದ ಒಳ್ಗ್ ಎಂತದೂ ಹಾಕ್ಲಿಲ್ಲೆ ಅಲ್ದಾ?" ಎಂದು ಕೇಳಿದ.

ನಾನು ಇಲ್ಲ ಎಂದೆ.

ಯಾಕೆ ಹಾಗೆ ಹೇಳಿದಿರಿ ಎಂದು ಠಾಣೆಯ ಬರಹಗಾರರು ಈಗ ಕೇಳಿದ್ದಾರೆ. ಅವನು ಕೇಳಿದ ಧಾಟಿಯಿಂದಲೇ ಏನೋ ತಪ್ಪಾಗಿದೆ ಎಂದು ನನಗೆ ತಿಳಿಯಿತು. ಮೂರು ಜನರ ಎದುರು ನಕ್ಕಿದ್ದ. ನಾನು ಅವನ ಮಾವ. ಇಷ್ಟೇ ಕಾರಣ. ಬೇರೆ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

ಅನೂಪ್ ನನ್ನ ಮಾತನ್ನು ನಂಬಿದ. "ಹಂಗಾರೆ ಬೇರೆ ಎಂತದೋ ಆಯಿತ್ತ್. ಬ್ರೇಕ್ ಸಮ ಹಿಡಿತಿಲ್ಲೆ. ಕೋಟೇಶ್ವರಕ್ಕೆ ಹೋಯಿ ಗೋಪಿಗೆ ತೋರ್ಸ್ಕಂಡ್ ಬತ್ತೆ" ಎಂದ. ಗಾಳಿ ಬದಲಾಗಿದೆ, ಕಡಲು ಏರುವ ಹಾಗಿದೆ, ದೋಣಿ ಮೇಲೆ ಬಂದ ನಂತರ ಹೋಗು ಎಂದು ನಾನು ಹೇಳಿದೆ. ದೋಣಿಯ ಎಣ್ಣೆ ಮೂರು ಬಿಸಿಲಿಗೆ ಎಳೆದುಕೊಳ್ಳುತ್ತದೆ, ಇದೂ ಹಾಗೆಯೇ ಎಳೆದುಕೊಂಡು ಸರಿಯಾದೀತು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅವನು ಎದುರು ಮಾತಾಡಲಿಲ್ಲ. 27ರಂದು ಜೀಪನ್ನು ತೆಗೆಯಲಿಲ್ಲ.

ದಿನಾಂಕ 28-5-2009ರ ಗುರುವಾರ ಸಂಜೆ 4 ಗಂಟೆಗೆ ಕಡಲು ಏರತೊಡಗಿತು. ದೋಣಿಯನ್ನು ಕೂಡಲೇ ಎಳೆಯಬೇಕಾಗಿತ್ತು. ನಾನು ಮರಳಿನ ಮೇಲೆ ದೋಣಿಯ ಹತ್ತಿರ ನಿಂತು ಜೀಪು ತರಲು ಅನೂಪನಿಗೆ ಫೋನು ಮಾಡಿದೆ. ನಿಧಾನಕ್ಕೆ ತರುತ್ತೇನೆ ಎಂದು ಅವನು ಹೇಳಿದ. ನಮ್ಮ ಮನೆಯ ಕಡೆಯಿಂದ ಕಡಲಿಗೆ ಇಳಿಯುವ ಮಣ್ಣಿನ ದಾರಿ 140 ಮೀಟರ್ ಉದ್ದವಿದ್ದು, ಅದರಲ್ಲಿ 60 ಮೀಟರ್ ಕಡಿದಾದ ಇಳಿಜಾರು. ಎಡಕ್ಕೆ ಗೋಡೆಯ ಹಾಗೆ ಕಡಿದ ಮುರಕಲ್ಲಿನ ದರೆ ಇದೆ. ಇಳಿಜಾರಿನ ಬುಡದಲ್ಲಿ, ದಾರಿಯಲ್ಲೇ, ಒಂಬತ್ತು ಜನ ಹೆಂಗಸರು ಮೀನು ಬೇರ್ಪಡಿಸುತ್ತ ಕೂತಿದ್ದರು. ಅವರಲ್ಲಿ ರಾಜೀವಿಯೂ ಇದ್ದಳು.

ಸಮಯ 4-25ಕ್ಕೆ ಜೀಪು ಇಳಿಜಾರಿನ ತಲೆಯಲ್ಲಿ ಕಂಡಿತು. ಆಗ ಅದು ನಡೆಯುವವನ ವೇಗದಲ್ಲಿತ್ತು. ಅನೂಪ್ ವಿಪರೀತ ವೇಗದಿಂದ ಬಂದ, ದೊಡ್ಡ ಚಕ್ರದ ಗಾಡಿ ಎಂದು ಮೆರೆದ ಎಂದು ಊರಿನ ಕೆಲವರು ತಮ್ಮ ಮುಂದೆ ಹೇಳಿದ್ದಾರೆ. ಅದು ಖಂಡಿತ ಸುಳ್ಳು. ಸುಮಾರು 15 ಮೀಟರ್ ಇಳಿದ ಮೇಲೆ ಜೀಪು ತಾನಾಗಿ ಓಡತೊಡಗಿತು. ಗೇರು ಇಳಿಸಲು ನೋಡಿದ್ದು ಗೇರು ಬೀಳದೆ ಕರಕರ ಶಬ್ದ ಬಂತು. ಅವನು ಉದ್ದಕ್ಕೆ ಹಾರನ್ ಹಾಕಿದ. ಹೆಂಗಸರು ತಲೆ ಎತ್ತಿದರು. ಎದ್ದು ಓಡುವಷ್ಟು ಸಮಯ ಇರಲಿಲ್ಲ. ಬಲಕ್ಕೆ ತಿರುಗಿಸಿದ್ದರೆ ಮೆದು ಮರಳು ಸಿಗುತ್ತಿತ್ತು, ಆದರೆ ಮೂರು ಜನ ಹೆಂಗಸರು ಆ ಬದಿಯಲ್ಲಿದ್ದರು. ಅನೂಪ್ ಜೀಪನ್ನು ಪೂರ್ತಿ ಎಡಕ್ಕೆ, ದರೆಯ ಕಡೆಗೆ ತಿರುಗಿಸಿದ. ಜೀಪು ದರೆಗೆ ಹೊಡೆದು ಚಾಲಕನ ಬದಿಗೆ ಮಗುಚಿತು. ಮೇಲಿನ ಕೊಳವೆಯ ಚೌಕಟ್ಟು ಒಳಗೆ ಬಂತು. ಹೊಡೆದ ಜಾಗದಿಂದ ಹೆಂಗಸರು ಕೂತಲ್ಲಿಗೆ 11 ಮೀಟರ್ ದೂರ. ಮಹಜರಿನ ಸಮಯ ತಾವೇ ಅಳೆದಿದ್ದೀರಿ. ಒಬ್ಬರಿಗೂ ಗಾಯವಾಗಲಿಲ್ಲ.

ನಾವು ಎಂಟು ಜನ ಸೇರಿ ಜೀಪನ್ನು ಎತ್ತಿ ಅವನನ್ನು ಹೊರಗೆ ತೆಗೆದೆವು. ಪ್ರಜ್ಞೆ ಇತ್ತು. "ಮಾವ, ಬ್ರೇಕ್ ಇಲ್ಲೆ" ಎಂದು ಎರಡು ಸಲ ಹೇಳಿದ, ತಾನು ತಪ್ಪು ಮಾಡಲಿಲ್ಲ ಎಂದು ನನಗೆ ತಿಳಿಸುವ ಹಾಗೆ. ಬೈಂದೂರು ದಾಟಿ ಕುಂದಾಪುರದ ಆಸ್ಪತ್ರೆಗೆ ಒಯ್ಯುವಾಗ ಸಂಜೆ 5-40ಕ್ಕೆ ದಾರಿಯಲ್ಲೇ ತೀರಿಕೊಂಡ. ಅವನ ತಲೆ ರಾಜೀವಿಯ ಮಡಿಲಿನಲ್ಲಿತ್ತು. ನಾನು ಕಾಲು ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಬ್ರೇಕು ಯಾಕೆ ಹೋಯಿತೆಂದು ರಾಜೀವಿ ನನ್ನನ್ನು ಕೇಳಿದಳು. ಹಳೆಯ ಗಾಡಿ, ಮಾರಿದವರು ಮೋಸ ಮಾಡಿದ್ದಾರೆ ಎಂದು ನನ್ನ ಬಾಯಿಯಿಂದ ಬಂತು. ಬಂದ ಮೇಲೆ ಅದನ್ನೇ ದೂರಿನಲ್ಲೂ ಬರೆಸಿದೆ.

ದಿನಾಂಕ 30-5-2009ರಂದು ಬೆಳಿಗ್ಗೆ 11 ಗಂಟೆಗೆ ಠಾಣೆಯ ಅಂಗಳದಲ್ಲಿ ಮೋಟಾರು ವಾಹನ ನಿರೀಕ್ಷಕರು ಗೋಪಿಯವರಿಂದ ಚಕ್ರ ಬಿಚ್ಚಿಸಿ ನೋಡುವಾಗ ನಾನು ಹಾಜರಿದ್ದೆ. ನಾಲ್ಕೂ ಬ್ರೇಕು ಕಪ್ಪು ಎಣ್ಣೆಯಲ್ಲಿ ಒದ್ದೆಯಾಗಿದ್ದವು. ಆಕ್ಸಲ್ಲಿನ ಎಣ್ಣೆ ಬಹಳ ದಿನದಿಂದ ಸೋರಿರಬಹುದು, ಮಾರಿದವರಿಗೆ ಗೊತ್ತಿರಲೇಬೇಕು ಎಂದು ನಿರೀಕ್ಷಕರು ಅಭಿಪ್ರಾಯಪಟ್ಟರು. ನಾನು ನಿಂತಲ್ಲಿಗೆ ವಾಸನೆ ಬಂತು. ನಲವತ್ತು ವರ್ಷದಿಂದ ನನ್ನ ಕೈಯಲ್ಲಿರುವ ವಾಸನೆ ಅದು. ಅಲ್ಲಿಯವರೆಗೆ ಏನು ಗೊತ್ತಿಲ್ಲದಿದ್ದರೂ ಆ ಕ್ಷಣದಿಂದ ನನಗೆ ಎಲ್ಲ ಗೊತ್ತು. ಆದರೂ ಸುಮ್ಮನಿದ್ದೆ. ನಿರೀಕ್ಷಕರು ಮರೆಮಾಚಿದ್ದು ಏನೂ ಇಲ್ಲ, ಮರೆಮಾಚಿದವನು ನಾನು.

ದಿನಾಂಕ 2-6-2009ರಂದು ಸಂಜೆ 5 ಗಂಟೆಗೆ ಗೋಪಿಯವರು ನಮ್ಮ ಮನೆಗೆ ಬಂದರು. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ರಾಜೀವಿ ನೀರು ಕೊಟ್ಟು ಒಳಗೆ ಹೋದ ಮೇಲೆ ಬಟ್ಟೆ ಬಿಚ್ಚಿ ತೋರಿಸಿದರು. ಬೆರಳುಗಳ ತುಂಬ ಬೊಕ್ಕೆ ಎದ್ದು ಒಡೆದಿದ್ದವು. "ಚಂದಯ್ಯಣ್ಣ, ಆಯಿಲಂಗ್ ಕೈ ಹಾಕುಕ್ ಸುರು ಮಾಡಿ ಇಪ್ಪತ್ ವರ್ಷ ಆಯ್ತ್. ಒಂದ್ ದಿನವೂ ಕೈ ಹಿಂಗಾಯ್ಲಿಲ್ಲೆ" ಎಂದು ಮೆಲ್ಲಗೆ ಹೇಳಿದರು. ತಾನಾಗಿ ಯಾರಲ್ಲೂ ಹೇಳುವುದಿಲ್ಲ, ಆದರೆ ಕೆರಾಡಿಯವರು ಒಳ್ಳೆಯ ಜನ, ಇನ್ನು ನಿಮಗೆ ಬಿಟ್ಟದ್ದು ಎಂದು ಹೇಳಿ ಎದ್ದು ಹೋದರು.

ಇದಾದ ಐದು ದಿನವೂ ನಾನು ಸುಮ್ಮನಿದ್ದೆ. ರಾಜೀವಿ ದಿನವೂ ಬೆಳಿಗ್ಗೆ ಕೆರಾಡಿಯ ದಿಕ್ಕಿಗೆ ಮುಖ ಮಾಡಿ ಗುಣಪಾಲ ಶೆಟ್ಟಿಯವರ ಮನೆ ಹಾಳಾಗಲೆಂದು ಶಪಿಸುತ್ತಿದ್ದಳು. ಆ ಶಾಪ ಎಲ್ಲಿಗೆ ಸೇರಬೇಕಿತ್ತೋ ಅವನು ಅದೇ ಮನೆಯ ಜಗಲಿಯಲ್ಲಿ ಗಂಜಿ ಕುಡಿಯುತ್ತಿದ್ದ.

ದಿನಾಂಕ 7-6-2009ರಂದು ಅನೂಪನ ಹನ್ನೊಂದನೇ ದಿನದ ಕಾರ್ಯ ನಡೆಯಿತು. ಮಧ್ಯಾಹ್ನ 1 ಗಂಟೆಗೆ ಗುಣಪಾಲ ಶೆಟ್ಟಿಯವರು ಒಬ್ಬರೇ ಬಸ್ಸಿನಲ್ಲಿ ಬಂದು ಅಂಗಳದ ಹೊರಗೆ ಮಳೆಯಲ್ಲಿ ನಿಂತರು. ಯಾರೂ ಒಳಗೆ ಕರೆಯಲಿಲ್ಲ. ಅವರು ಅಲ್ಲಿಂದಲೇ ಕೈಮುಗಿದು, "ರಾಜೀವಕ್ಕ, ಬ್ರೇಕ್ ಸಮ ಇತ್ತ್ ಅಂದೇಳಿಯೇ ನಾನ್ ಕೊಟ್ಟದ್. ನಂಗ್ ಗೊತ್ತಿಲ್ದೆ ಎಂತಾರೂ ಆಯಿದ್ರೆ ತಪ್ಪ್ ನಂದೇ. ಕ್ಷಮ್ಸಿಬಿಡಿ" ಎಂದರು. ಹನ್ನೊಂದು ದಿನದಿಂದ ಊಟ ಸೇರುತ್ತಿಲ್ಲ, ಎಲ್ಲಿ ನೋಡಲು ತಪ್ಪಿದೆ ಎಂದು ಯೋಚಿಸುತ್ತಿದ್ದೇನೆ ಎಂದೂ ಹೇಳಿದರು. ರಾಜೀವಿ ಬೆನ್ನು ಹಾಕಿ ಒಳಗೆ ಹೋದಳು. ಅವರು ಮಾಡದ ತಪ್ಪನ್ನು ಅವರೇ ನಂಬತೊಡಗಿದ್ದರು. ನನಗೆ ಮಾತ್ರ ಮಾಡಿದ್ದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಬರಹಗಾರರು ಹೇಳಿದರು. ಬರೆಯಲೇಬೇಕೆಂದು ನಾನು ಕೇಳಿಕೊಂಡಿದ್ದೇನೆ. ನನಗೆ ನಾಚಿಕೆಯಾಯಿತು. ಇಷ್ಟು ಪ್ರಾಯದಲ್ಲಿ ಅಂಥ ನಾಚಿಕೆ ನಾನು ಕಂಡಿರಲಿಲ್ಲ.

ದಿನಾಂಕ 8-6-2009ರ ಸೋಮವಾರ ಬೆಳಿಗ್ಗೆ 7 ಗಂಟೆಗೆ ಅಡಿಗೆಮನೆಯಲ್ಲಿ ರಾಜೀವಿಗೆ ಎಲ್ಲವನ್ನೂ ಹೇಳಿದೆ. ಎಣ್ಣೆ ಹಾಕಿದ್ದನ್ನು ಕೇಳುವಾಗ ಅವಳು ಒಲೆಗೆ ಸೌದೆ ದೂಡುತ್ತಿದ್ದಳು. ಗೊತ್ತಿಲ್ಲದೆ ಮಾಡಿದ್ದು ಎಂದು ಅವಳಿಗೆ ಅರ್ಥವಾಯಿತು, ಅವಳೂ ದೋಣಿಯ ಮನೆಯಲ್ಲಿ ಹುಟ್ಟಿದವಳೇ. 26ರ ಬೆಳಿಗ್ಗೆಯ ಮಾತು ಬಂದಾಗ ಕೈ ನಿಂತಿತು. "ಅವ ಕೇಂಡದ್ದಕ್ಕೆ ನೀನ್ ಇಲ್ಲೆ ಅಂದ್ಯಾ, ಅಣ್ಣ?" ಎಂದು ಕೇಳಿದಳು. ಹೌದು ಎಂದೆ. ಇನ್ನೊಂದು ಸಲ ಅದನ್ನೇ ಕೇಳಿದಳು. ಇನ್ನೊಂದು ಸಲ ಹೌದು ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ನಾಳೆ ಠಾಣೆಗೆ ತಾನೂ ಬರುತ್ತೇನೆ ಎಂದಳು. ಆ ಹೊತ್ತಿನಿಂದ ಈವರೆಗೆ ನನ್ನ ಹತ್ತಿರ ಬೇರೆ ಮಾತಾಡಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಾಳೆ.

ಆದ್ದರಿಂದ ಗುಣಪಾಲ ಶೆಟ್ಟಿಯವರ ಮೇಲೆ ನಾನು ಬರೆಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರು ಕೊಟ್ಟ ಜೀಪು ಸರಿಯಾಗಿಯೇ ಇತ್ತು. ಅನೂಪ್ ಚಲಾಯಿಸಿದ್ದರಲ್ಲಿಯೂ ತಪ್ಪಿಲ್ಲ. ಕಾಗದದಲ್ಲಿ ಎಲ್ಲಿಯಾದರೂ ಚಾಲಕನ ನಿರ್ಲಕ್ಷ್ಯ ಎಂದು ಇದ್ದರೆ ಅದನ್ನು ಹೊಡೆದು ಹಾಕಿ ಅಲ್ಲಿ ನನ್ನ ಹೆಸರು ಬರೆಯಬೇಕಾಗಿ ವಿನಂತಿ. ಕಾನೂನಿನಂತೆ ಏನು ಆಗಬೇಕೋ ಅದಕ್ಕೆ ನಾನು ಸಿದ್ಧನಿದ್ದೇನೆ.

ಮೇಲೆ ಬರೆದದ್ದನ್ನು ಬರಹಗಾರರು ರಾಜೀವಿಯನ್ನೂ ಒಳಗೆ ಕರೆದು ನಮ್ಮಿಬ್ಬರಿಗೂ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಕಡಿಮೆ ಇಲ್ಲ, ಹೆಚ್ಚೂ ಇಲ್ಲ. ಜೀಪನ್ನು ಎಡಕ್ಕೆ ತಿರುಗಿಸಿದ ಭಾಗವನ್ನು ಅವಳು ಎರಡು ಸಲ ಓದಿಸಿಕೊಂಡಳು. ನಂತರ ತಾನೇ ಸಾಕ್ಷಿ ಹಾಕುತ್ತೇನೆ ಎಂದಳು. ಹೇಳಿಕೆ ಕೊಟ್ಟವರಿಗೆ ಏನಾಗಬೇಕು ಎಂದು ಬರಹಗಾರರು ಕೇಳಿದಾಗ ನಾನು ತಂಗಿ ಎಂದೆ, ಅವರು ಹಾಗೆಯೇ ಬರೆದರು. ಅವಳು ಅದನ್ನು ಹೊಡೆದು ಹಾಕಿಸಿ ಬೇರೆ ಬರೆಸಿದ್ದಾಳೆ. ಆ ತಿದ್ದುಪಡಿಗೆ ನನ್ನ ಒಪ್ಪಿಗೆ ಇದೆ.

ಸ್ಥಳ: ಬೈಂದೂರು
ದಿನಾಂಕ: 9-6-2009, ಮಧ್ಯಾಹ್ನ 1-15
ಹೇಳಿಕೆ ಕೊಟ್ಟವನ ರುಜು: ಚಂದಯ್ಯ ಮೊಗವೀರ

ಸಾಕ್ಷಿ: ರಾಜೀವಿ, ಪ್ರಾಯ 48, ಮೀನು ವ್ಯಾಪಾರ, ಮೃತನ ತಾಯಿ (ಎಡಗೈ ಹೆಬ್ಬೆಟ್ಟಿನ ಗುರುತು)